ಸಾಝ್ ತಂತಿಯ ಮೇಲೆ ಒಂದು ಸ್ತುತಿ

ಆತ್ಮೀಯ ಕೇಳುಗರೇ, ನಮಸ್ಕಾರ.

ಟರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹಂಚಿಹೋಗಿರುವ ಕುರ್ದ್ ಜನರ ಹಾಡು, ಅವರ ನಡುವೆ ಕ್ರೈಸ್ತ ಹಾಡು ಒಯ್ದವರು, ಇದು ಇವತ್ತಿನ ಮಾತು. ರೇಡಿಯೋದಲ್ಲಿ ಕೂತು ಮಾತಾಡುತ್ತಿದ್ದೇನೆ. ಹಾಗಾಗಿ ಇನ್ನೊಂದು ರೇಡಿಯೋದ ಕಥೆಯಿಂದಲೇ ಶುರು ಮಾಡುತ್ತೇನೆ.

1955ರಲ್ಲಿ ಸೋವಿಯತ್ ಅರ್ಮೇನಿಯಾದ ಯೆರೆವಾನ್ ನಗರದಿಂದ ಕುರ್ದಿಷ್ ಭಾಷೆಯ ಪ್ರಸಾರ ಆರಂಭವಾಯಿತು. ಮೊದಲಿಗೆ ಸ್ವಲ್ಪ ಹೊತ್ತು ಅಷ್ಟೇ. ಆದರೆ ಗಡಿಯ ಆಚೆ, ಟರ್ಕಿಯ ಹಳ್ಳಿಗಳಲ್ಲಿ ಕುರ್ದರು ಅದಕ್ಕಾಗಿ ಕಾದು ಕೂರುತ್ತಿದ್ದರು. ಅಲ್ಲಿ ಅವರ ಭಾಷೆಗೆ ಶಾಲೆ ಇರಲಿಲ್ಲ, ರೇಡಿಯೋ ಇರಲಿಲ್ಲ. ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳುತ್ತಿದ್ದರು. "ಯೆರೆವಾನ್ ಖಬರ್ ದಿದೆ" ಅಂತ ಬರುತ್ತಿತ್ತು. ಯೆರೆವಾನ್ ಮಾತಾಡುತ್ತಿದೆ ಅಂತ ಅರ್ಥ. ಖಬರು ಅನ್ನುವ ಮಾತು ನಮಗೂ ಗೊತ್ತು, ಅಲ್ವಾ?

ಆ ರೇಡಿಯೋದಲ್ಲಿ ಕರಾಪೇತೆ ಖಾಚೋ ಎಂಬ ಗಾಯಕರು ಹಾಡುತ್ತಿದ್ದರು. ಹುಟ್ಟಿನಿಂದ ಅವರು ಅರ್ಮೇನಿಯನ್, ಅಂದರೆ ಕ್ರೈಸ್ತರು. 1915ರಲ್ಲಿ ಆಟೊಮನ್ ಟರ್ಕಿಯಲ್ಲಿ ನಡೆದ ಅರ್ಮೇನಿಯನ್ನರ ನರಮೇಧದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಗು. ಆದರೆ ಬದುಕಿಡೀ ಹಾಡಿದ್ದು ಕುರ್ದಿಷ್ ಹಾಡುಗಳನ್ನು. ಅಂಥ ಗಾಯಕರನ್ನು ಕುರ್ದರು ದೆಂಗ್‌ಬೇಜ್ ಅನ್ನುತ್ತಾರೆ. ದೆಂಗ್ ಅಂದರೆ ದನಿ, ಬೇಜ್ ಅಂದರೆ ಹೇಳು. ದನಿಯಲ್ಲಿ ಹೇಳುವವನು. ವಾದ್ಯ ಬೇಕಾಗಿಲ್ಲ. ಅಂಗೈಯನ್ನು ಕಿವಿಗೆ ಒತ್ತಿಕೊಂಡು, ಒಂದೇ ಉಸಿರಿನಲ್ಲಿ ಸಾಲಿನ ಮೇಲೆ ಸಾಲು. ಯುದ್ಧ, ಪ್ರೀತಿ, ಊರು ಬಿಟ್ಟು ಹೋದವರ ಸಂಕಟ, ಎಲ್ಲವೂ ಅದರಲ್ಲಿ. ಖಾಚೋ 2005ರಲ್ಲಿ ತೀರಿಕೊಂಡರು. ಮುಸ್ಲಿಂ ಕುರ್ದರ ಎಷ್ಟೋ ಮನೆಗಳು ತಮ್ಮ ಹಳೆಯ ಹಾಡುಗಳನ್ನು ಉಳಿಸಿಕೊಂಡಿದ್ದು ಈ ಕ್ರೈಸ್ತನ ಗಂಟಲಿನಿಂದ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಇವತ್ತು ನಾನು ಮಾತಾಡಬೇಕಿರುವುದು ಕುರ್ದರ ನಡುವೆ ಕ್ರೈಸ್ತ ಆರಾಧನೆಯ ಹಾಡುಗಳನ್ನು ಹಂಚಿಕೊಂಡ ಮಿಷನರಿಗಳ ಬಗ್ಗೆ. ಕೊಡುವವರು ಹೋಗಿ ಇಳಿದ ನೆಲ ಬರಿದಾಗಿರಲಿಲ್ಲ. ಹಾಡಿನಿಂದ ತುಂಬಿಕೊಂಡ ಜನ ಅವರು.

ಹೋದವರಲ್ಲಿ ಕೆಲವರು ಇದನ್ನು ಚೆನ್ನಾಗಿ ತಿಳಿದಿದ್ದರು. ಇಟಲಿಯ ಪಾದ್ರಿ ಮೌರಿಜಿಯೊ ಗಾರ್ಜೋನಿ ಈಗಿನ ಉತ್ತರ ಇರಾಕಿನ ಅಮಾದಿಯಾ ಎಂಬ ಬೆಟ್ಟದೂರಿನಲ್ಲಿ ವರ್ಷಗಟ್ಟಲೆ ಬದುಕಿ, ಕುರ್ದಿಷ್ ವ್ಯಾಕರಣವನ್ನು 1787ರಲ್ಲಿ ರೋಮ್‌ನಲ್ಲಿ ಅಚ್ಚು ಹಾಕಿಸಿದರು. 1856ರಲ್ಲಿ ಬೈಬಲಿನ ಮತ್ತಾಯನ ಸುವಾರ್ತೆ ಕುರ್ದಿಷ್‌ನಲ್ಲಿ ಬಂತು. ಆದರೆ ಅರ್ಮೇನಿಯನ್ ಲಿಪಿಯಲ್ಲಿ! ಕುರ್ದಿಷ್ ಮಾತಾಡುವ ಅರ್ಮೇನಿಯನ್ನರಿಗಾಗಿ ಮಾಡಿದ ಪುಸ್ತಕ ಅದು. ಕುರ್ದ್ ರೈತನಿಗೆ ಕೇಳಿದರೆ ಅರ್ಥವಾಗುತ್ತಿತ್ತು, ನೋಡಿದರೆ ಓದಲು ಬರುತ್ತಿರಲಿಲ್ಲ. ಮುಂದೆ 1919ರಲ್ಲಿ ಲುಥೆರನ್ ಮಿಷನರಿ ಫಾಸಮ್ ಇನ್ನೊಂದು ಕುರ್ದಿಷ್ ವ್ಯಾಕರಣ ಹೊರತಂದರು.

ಪುಸ್ತಕದ ಮಾತು ಸಾಕು. ಹಾಡಿನ ಕಷ್ಟ ಬೇರೆಯೇ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಸಾಝ್ ಅಂತ ಒಂದು ತಂತಿವಾದ್ಯವಿದೆ. ತಂಬೂರ್ ಅಂತಲೂ ಅನ್ನುತ್ತಾರೆ. ಹೊಟ್ಟೆ ಪೇರಳೆಯ ಆಕಾರ, ಕುತ್ತಿಗೆ ಉದ್ದ. ಆ ಕುತ್ತಿಗೆಯ ಮೇಲಿನ ಮೆಟ್ಟುಗಳು ಲೋಹದವಲ್ಲ. ಮೀನು ಹಿಡಿಯುವ ಗಾಳದ ದಾರದಂಥ ನೈಲಾನ್ ಎಳೆಯನ್ನು ಸುತ್ತಿ ಗಂಟು ಹಾಕಿರುತ್ತಾರೆ. ಬೆರಳಿನಿಂದ ಒತ್ತಿದರೆ ಗಂಟು ಕೂದಲೆಳೆಯಷ್ಟು ಆಚೆ ಈಚೆ ಸರಿಯುತ್ತದೆ. ನಮ್ಮ ವೀಣೆಯ ಮೆಟ್ಟು ಮೇಣದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಇದು ಹಾಗಲ್ಲ. ಯಾಕೆ ಸರಿಯಬೇಕು? ಕುರ್ದರ ಎಷ್ಟೋ ಹಾಡುಗಳಲ್ಲಿ ಎರಡನೆಯ ಸ್ವರ ಪಿಯಾನೋದ ಬಿಳಿ ಮನೆಗೂ ಕಪ್ಪು ಮನೆಗೂ ಮಧ್ಯೆ ಎಲ್ಲೋ ಕೂರುತ್ತದೆ. ಆ ಸ್ವರ ಗಿಟಾರಿನಲ್ಲಿ ಇಲ್ಲವೇ ಇಲ್ಲ.

ಈಗ ಊಹಿಸಿಕೊಳ್ಳಿ. 1991ರಲ್ಲಿ ಸದ್ದಾಮನ ಸೈನ್ಯಕ್ಕೆ ಹೆದರಿ ಲಕ್ಷಾಂತರ ಕುರ್ದರು ಹಿಮದ ಬೆಟ್ಟಗಳಿಗೆ ಓಡಿದರು. ಆಮೇಲೆ ಉತ್ತರ ಇರಾಕಿಗೆ ಪರಿಹಾರದ ಕೆಲಸಕ್ಕೆ ಬಂದವರಲ್ಲಿ ಕ್ರೈಸ್ತ ಸಂಸ್ಥೆಗಳವರೂ ಇದ್ದರು. ಒಬ್ಬ ಒಳ್ಳೆಯ ಹುಡುಗ ಗಿಟಾರ್ ಹಿಡಿದು ಬರುತ್ತಾನೆ. ತನ್ನೂರಿನ ಸ್ತುತಿಗೀತೆಯನ್ನು ಕುರ್ದಿಷ್ ಪದಗಳಲ್ಲಿ ಹಾಡುತ್ತಾನೆ. ಪದ ಅವರದೇ. ದೇವರನ್ನು ಖ್ವೆದೇ ಅಂತಲೇ ಕರೆಯುತ್ತಾನೆ, ನಮಗೆ ಗೊತ್ತಿರುವ ಖುದಾ ಅನ್ನುವ ಪದದ ನೆಂಟ ಅದು. ಆದರೆ ಕುರ್ದಿಷ್‌ನಲ್ಲಿ ಹೆಸರುಪದದ ಒತ್ತು ಸಾಮಾನ್ಯವಾಗಿ ಕೊನೆಯಲ್ಲಿ ಬೀಳುತ್ತದೆ, ರಾಗದ ಪೆಟ್ಟು ಮೊದಲಲ್ಲೇ ಬಿದ್ದುಬಿಡುತ್ತದೆ. ಆ ನಡುವಿನ ಸ್ವರ ಬರುವುದೇ ಇಲ್ಲ. ಕೇಳುವ ಅಜ್ಜಿ ತಲೆ ಆಡಿಸುತ್ತಾಳೆ, ಬಂದ ಅತಿಥಿಗೆ ಬೇಜಾರಾಗಬಾರದು ಅಂತ.

ಇದು ನನಗೆ ಬರೀ ಓದಿ ಗೊತ್ತಾದ ವಿಷಯವಲ್ಲ. ನಾನು ಬೆಳೆದದ್ದು ಕರಾವಳಿಯ ಒಂದು ಕ್ರೈಸ್ತ ಸಭೆಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಬಿಟ್ಟುಹೋದ ರಾಗಗಳು ನಮ್ಮವು. ಒಂದು ಗೀತೆಯಲ್ಲಿ "ಬಲ" ಅನ್ನುವ ಪದ ಉದ್ದ ಸ್ವರದ ಮೇಲೆ ಬೀಳುತ್ತಿತ್ತು. ಎಳೆದು ಹಾಡಿದರೆ "ಬಾಲ" ಆಗುತ್ತಿತ್ತು. ದೇವರ ಬಾಲ! ಮಕ್ಕಳೆಲ್ಲ ಮುಸಿಮುಸಿ ನಗುತ್ತಿದ್ದೆವು, ದೊಡ್ಡಮ್ಮ ಕಣ್ಣು ಬಿಡುತ್ತಿದ್ದರು. ಆದರೂ ಆ ರಾಗಗಳನ್ನು ನಾನು ಬಿಟ್ಟುಕೊಡುವುದಿಲ್ಲ. ಐದಾರು ತಲೆಮಾರು ಹಾಡಿ ಹಾಡಿ ಅವು ನಮ್ಮವೇ ಆಗಿವೆ. ಜೊತೆಗೆ, ಅದೇ ಮಿಷನ್ನಿನ ಕಿಟ್ಟೆಲ್ ಅವರು 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಕನ್ನಡದ ಛಂದಸ್ಸಿನಲ್ಲೇ ಬರೆದರು ಅನ್ನುವುದನ್ನೂ ಮರೆಯಲಾರೆ. ಎಳೆದು ಬಾಲ ಮಾಡುವ ಅಗತ್ಯವೇ ಅಲ್ಲಿ ಬರಲಿಲ್ಲ.

ಈಚೆಗೆ ಮಿಷನರಿಗಳಲ್ಲೇ ಇದನ್ನು ಗಂಭೀರವಾಗಿ ಯೋಚಿಸುವವರು ಹೆಚ್ಚಾಗಿದ್ದಾರೆ. ಹಾಡು ತಂದುಕೊಡಬೇಡಿ, ಅಲ್ಲಿನವರೇ ಕಟ್ಟಲಿ, ನೀವು ಪಕ್ಕದಲ್ಲಿ ಕೂತು ಕೇಳಿ ಅನ್ನುವುದು ಅವರ ದಾರಿ. ನನಗೆ ಇದು ಸರಿಯೆನಿಸುತ್ತದೆ. ಬೈಬಲಿನ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ, ಯೇಸುವಿನ ಶಿಷ್ಯರ ಮಾತನ್ನು ತಮ್ಮ ತಮ್ಮ ಭಾಷೆಯಲ್ಲೇ ಕೇಳಿ ಬೆರಗಾದವರ ಪಟ್ಟಿಯಲ್ಲಿ ಮೇದ್ಯರೂ ಇದ್ದಾರೆ, ಪ್ರಾಚೀನ ಇರಾನಿನ ಒಂದು ಜನಾಂಗ ಅದು. ಕುರ್ದರು ತಮ್ಮನ್ನು ಮೇದ್ಯರ ಮಕ್ಕಳು ಎಂದು ಹೇಳಿಕೊಳ್ಳುತ್ತಾರೆ. ಅವರಲ್ಲಿನ ಕ್ರೈಸ್ತರಿಗೆ ಆ ಒಂದು ಪದ ಎಷ್ಟು ಹತ್ತಿರದ್ದಿರಬೇಕು ನೋಡಿ.

ಎರಡು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಹಸಿದವನಿಗೆ ರೊಟ್ಟಿ ಕೊಡುವಾಗ ಹಾಡಿನ ಷರತ್ತು ಇರಬಾರದು. ಮತ್ತೆ, ಟರ್ಕಿಯ ಮುಸ್ಲಿಂ ಪಂಥಗಳಲ್ಲೊಂದಾದ ಅಲೆವಿಗಳು, ಅವರಲ್ಲಿ ಕುರ್ದರೂ ಇದ್ದಾರೆ, ಸಾಝನ್ನು ತಂತಿ ಕಟ್ಟಿದ ಕುರಾನ್ ಎಂದೇ ಕರೆಯುತ್ತಾರೆ. ಕುರ್ದಿಷ್ ಮಾತಾಡುವ, ತಮ್ಮದೇ ಧರ್ಮವಿರುವ ಯಜೀದಿಗಳು ತಮ್ಮ ಪವಿತ್ರ ಪದ್ಯಗಳನ್ನು ದಫ್ ಬಾರಿಸಿ ಹಾಡುತ್ತಾರೆ. ಅವರ ವಾದ್ಯವನ್ನು ಕೈಗೆತ್ತಿಕೊಳ್ಳುವವರು ಮೊದಲು ಅದನ್ನು ತಿಳಿದಿರಬೇಕು. ಸುಮ್ನೆ ಒಂದು ಸಾಧನ ಅಂದುಕೊಂಡರೆ ತಪ್ಪಾಗುತ್ತದೆ.

ಅಮೆರಿಕದಲ್ಲಿ ಅತಿ ಹೆಚ್ಚು ಕುರ್ದರು ಇರುವ ಊರು ನ್ಯಾಶ್‌ವಿಲ್. ಕ್ರೈಸ್ತ ಸಂಗೀತದ ದೊಡ್ಡ ಉದ್ಯಮ ನೆಲೆಸಿರುವುದೂ ಅದೇ ಊರಿನಲ್ಲಿ. ಕುರ್ದಿಷ್ ಹಾಡು ಅಲ್ಲಿನವರಿಗೆ ಈಗ ದೂರದ ದೇಶದ್ದಲ್ಲ, ಪಕ್ಕದ ಬೀದಿಯದು. ಆ ಕಡೆ ಒಮ್ಮೆ ಕಿವಿಗೊಟ್ಟರೆ ಎಷ್ಟು ಸಿಗುತ್ತದೆ!

ಇರಾನಿನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಮತ ಬದಲಿಸಿದವರು ಮನೆಗಳಲ್ಲಿ ಗುಟ್ಟಾಗಿ ಸೇರುತ್ತಾರೆ. ದಾಳಿಗಳಾಗಿವೆ, ಜೈಲಿಗೆ ಹೋದವರಿದ್ದಾರೆ. ಗಿಟಾರ್ ಆಗಲಿ ಸಾಝ್ ಆಗಲಿ ಗೋಡೆಯಾಚೆ ಕೇಳಿಸಿಬಿಡುತ್ತದೆ. ಅಂಥ ಕೋಣೆಯಲ್ಲಿ ಉಳಿಯುವುದು ದೆಂಗ್‌ಬೇಜನ ಹಳೆಯ ದಾರಿಯೊಂದೇ. ವಾದ್ಯವಿಲ್ಲ. ಕಿವಿಯ ಮೇಲೆ ಅಂಗೈ, ಒಂದು ಉಸಿರು, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು ದನಿ.

ನಮಸ್ಕಾರ.