ಸುಟ್ಟ ಸ್ಟೇಟರನ್ನು ಬಿಚ್ಚುವ ಮುನ್ನ

ಎಲ್ಲರಿಗೂ ನಮಸ್ಕಾರ.

ಮೋಟರ್ ಸುಟ್ಟುಹೋಯಿತು ಅನ್ನುತ್ತೇವೆ. ಹೆಚ್ಚಿನ ಸಲ ಸುಟ್ಟಿರುವುದು ತಿರುಗುವ ರೋಟರ್ ಅಲ್ಲ, ಅದರ ಸುತ್ತ ಅಲುಗದೆ ಕೂತಿರುವ ಸ್ಟೇಟರ್. ಅದು ಯಾಕೆ ಸುಟ್ಟಿತು ಎಂಬುದು ಅದರ ಮೈಮೇಲೆಯೇ ಬರೆದಿರುತ್ತದೆ. ಉಳಿ ಹಿಡಿದು ಕಾಯಿಲ್ (ತಂತಿಯ ಸುರುಳಿ) ಕಡಿದರೆ ಆ ಬರಹ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ನೋಡಿ, ಆಮೇಲೆ ಬಿಚ್ಚಿ.

ತೋಟದ ಮೂರು ಫೇಸಿನ 5 ಎಚ್‌ಪಿ ಮಾನೋಬ್ಲಾಕ್ (ಮೋಟರೂ ಪಂಪೂ ಒಂದೇ ಮೈಯಾಗಿರುವ) ಪಂಪನ್ನೇ ತೆಗೆದುಕೊಳ್ಳೋಣ. 24 ಸ್ಲಾಟ್ (ಕಾಯಿಲ್ ಕೂರುವ ಸೀಳು), 2 ಪೋಲ್ (ಕಾಂತಧ್ರುವ) ಎಂದಿಟ್ಟುಕೊಳ್ಳಿ. ಒಂದು ಪೋಲಿನಲ್ಲಿ ಒಂದು ಫೇಸಿಗೆ 4 ಸ್ಲಾಟ್ ಬರುತ್ತದೆ. ವೈಂಡಿಂಗ್ ತಲೆಯನ್ನು, ಅಂದರೆ ಸ್ಲಾಟಿನಿಂದ ಹೊರಚಾಚಿದ ಕಾಯಿಲಿನ ತುದಿಗಳನ್ನು, ಗಡಿಯಾರದ ಮುಖದಂತೆ ನೋಡಿದರೆ ಸಾಮಾನ್ಯವಾಗಿ ಫೇಸಿಗೆ ಎರಡರಂತೆ ಕಾಯಿಲಿನ ಆರು ಗುಂಪು ಕಾಣುತ್ತವೆ. ಮೂರೂ ಫೇಸಿನ ವೈಂಡಿಂಗಿನ ಒಂದೊಂದು ತುದಿ ಒಂದೆಡೆ ಸೇರುವ ಸ್ಟಾರ್ ಜೋಡಣೆಯಲ್ಲಿ ನಾಲ್ಕು ಗುಂಪು ಕರಕಲಾಗಿ, ಎದುರುಬದುರಿನ ಎರಡು ಹೊಸದರಂತೆ ಹೊಳೆಯುತ್ತಿದ್ದರೆ ಒಂದು ಫೇಸ್ ತಪ್ಪಿದೆ. ಇಡೀ ಹೊರೆ ಉಳಿದ ಎರಡು ಫೇಸಿನ ಮೇಲೆ ಬಿದ್ದು ಅವುಗಳ ಕರೆಂಟ್ ಸುಮಾರು 1.73 ಪಟ್ಟು ಏರುತ್ತದೆ. ಮೂರೂ ತ್ರಿಕೋನದಂತೆ ತುದಿಗೆ ತುದಿ ಸೇರುವ ಡೆಲ್ಟಾದಲ್ಲಿ ಇದು ತಿರುವುಮುರುವು: ಎರಡು ಗುಂಪು ಕಪ್ಪು, ನಾಲ್ಕು ಚೆನ್ನಾಗಿರುತ್ತವೆ. ಇಂಥ ಮೋಟರಿಗೆ ಎಷ್ಟೇ ಒಳ್ಳೆಯ ತಂತಿ ಸುತ್ತಿದರೂ ಫ್ಯೂಸ್, ಸ್ಟಾರ್ಟರಿನ ಕಾಂಟ್ಯಾಕ್ಟ್, ಸಡಿಲ ಲಗ್ (ತಂತಿಯ ತುದಿಯ ಲೋಹದ ಕೊಂಡಿ) ಸರಿಪಡಿಸದಿದ್ದರೆ ಅದು ಮತ್ತೆ ಅಂಗಡಿಗೇ ಬರುತ್ತದೆ.

ಎಲ್ಲ ಗುಂಪೂ ಸಮನಾಗಿ ಕಪ್ಪಾಗಿದ್ದರೆ ಕಾರಣ ಬೇರೆ. ಹೊರೆ ಹೆಚ್ಚಿರಬಹುದು, ಬೇರಿಂಗ್ ಹಿಡಿದಿರಬಹುದು, ಗಾಳಿ ಆಡದಿರಬಹುದು, ವೋಲ್ಟೇಜ್ ಕುಸಿದಿರಬಹುದು. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 415ರ ಬದಲು 300 ವೋಲ್ಟ್ ಬಂದರೆ ಬಲ ಸುಮಾರು ಅರ್ಧಕ್ಕಿಳಿದು, ಅದನ್ನು ತುಂಬಿಕೊಳ್ಳಲು ಕರೆಂಟ್ ಏರುತ್ತದೆ. ಸ್ಲಾಟಿನ ಬಾಯಲ್ಲಿ ಒಂದೇ ಕಡೆ ತೂತು ಬಿದ್ದಂತೆ ಕರಗಿದ್ದರೆ ಅಲ್ಲಿನ ಇನ್ಸುಲೇಷನ್ ಪೇಪರ್ ಹರಿದಿದೆ.

ಇನ್ನು ಬಿಚ್ಚುವ ಕೆಲಸ. ಸುತ್ತುಗಳ ಎಣಿಕೆ, ತಂತಿಯ ವ್ಯಾಸ, ಕಾಯಿಲಿನ ಪಿಚ್ (ಎಷ್ಟು ಸ್ಲಾಟ್ ದಾಟಿ ಕೂತಿದೆ), ಜೋಡಣೆ ಇವಿಷ್ಟನ್ನು ಬರೆದುಕೊಂಡೇ ಕಡಿಯಿರಿ. ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿ ತಂತಿ ಎಳೆಯುವ ರೂಢಿಯನ್ನು ದಯವಿಟ್ಟು ಬಿಡಿ. ಸ್ಟೇಟರಿನ ಕೋರ್ ಎಂದರೆ ಒಂದೇ ಕಬ್ಬಿಣದ ಗಟ್ಟಿಯಲ್ಲ, ಸುಮಾರು 0.5 ಮಿ.ಮೀ. ದಪ್ಪದ ಸಿಲಿಕಾನ್ ಉಕ್ಕಿನ ಸ್ಟ್ಯಾಂಪಿಂಗ್‌ಗಳ (ಹಾಳೆಗಳ) ಅಡಕಲು. ಒಂದರಿಂದ ಇನ್ನೊಂದಕ್ಕೆ ಕರೆಂಟ್ ಹರಿಯದಂತೆ ನಡುವೆ ತೆಳ್ಳನೆಯ ಲೇಪನವಿದೆ. ಕೋರಿನ ಉಷ್ಣತೆ 370 ಡಿಗ್ರಿ ಸೆಲ್ಸಿಯಸ್ ದಾಟಲು ಬಿಡಬಾರದು; ತೆರೆದ ಬೆಂಕಿಯಲ್ಲಿ ಆ ಹಿಡಿತ ಯಾರ ಕೈಯಲ್ಲೂ ಇರುವುದಿಲ್ಲ. ಲೇಪನ ಹೋದರೆ ಸುಳಿ ಕರೆಂಟ್ ಹುಟ್ಟಿ, ಹೊರೆಯಿಲ್ಲದೆಯೂ ಕೋರ್ ಕಾಯುತ್ತದೆ. ಅರ ಹಾಕಿ ಸ್ಲಾಟನ್ನು ಜೋರಾಗಿ ಉಜ್ಜಿದರೂ ಇದೇ ಗತಿ. ರೋಟರ್ ತಾಗುತ್ತದೆಂದು ಸ್ಟೇಟರಿನ ಒಳಮೈಯನ್ನು ಲೇತಿನಲ್ಲಿ ತಿರುವಿಸುವುದಂತೂ ಇನ್ನೂ ಕೆಟ್ಟದ್ದು: ಗಾಳಿಯ ಅಂತರ ಹಿಗ್ಗಿ ಖಾಲಿ ಓಟದ ಕರೆಂಟೇ ಏರುತ್ತದೆ. ಬೇರಿಂಗ್ ಸವೆದು ರೋಟರ್ ತಾಗುತ್ತಿದ್ದರೆ ಬೇರಿಂಗನ್ನೇ ಬದಲಿಸಿ.

ಹೊಸದಾಗಿ ಸುತ್ತುವಾಗ ಅಳತೆಯ ತಂತಿ ಸಿಗದಿದ್ದರೆ ಎರಡು ಎಳೆ ಸೇರಿಸಬಹುದು, ಆದರೆ ಲೆಕ್ಕ ವ್ಯಾಸದ್ದಲ್ಲ, ಅಡ್ಡಕೊಯ್ತದ ವಿಸ್ತೀರ್ಣದ್ದು. 1.00 ಮಿ.ಮೀ. ತಂತಿಗೆ 0.71ರ ಎರಡು ಎಳೆ ಸರಿಹೋಗುತ್ತದೆ, 0.50ರ ಎರಡು ಎಳೆ ಹಾಕಿದರೆ ತಾಮ್ರ ಅರ್ಧವೇ ಆಗುತ್ತದೆ.

ವಾರ್ನಿಶ್‌ಗೆ ಮುಂಚೆ ಸ್ಟೇಟರನ್ನು ಕಾಯಿಸಿ ತೇವ ಕಳೆಯಬೇಕು. ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ, ಸೋರಿಸಿ, ವಾರ್ನಿಶ್ ಡಬ್ಬಿ ಹೇಳಿದಷ್ಟು ಹೊತ್ತು ಓವನ್ನಿನಲ್ಲಿ ಬೇಯಿಸಿ. ಬಿಸಿಲಲ್ಲಿ ಇಟ್ಟರೆ ಮೇಲ್ಪದರ ಮಾತ್ರ ಒಣಗುತ್ತದೆ. ಒಳಗೆ ಸಡಿಲವಿರುವ ತಂತಿ ಪ್ರತಿ ಸ್ಟಾರ್ಟಿಗೂ ನಡುಗಿ ತನ್ನ ಎನಾಮಲ್ ಹೊದಿಕೆ ಸವೆಸಿಕೊಳ್ಳುತ್ತದೆ. ನೀರು ತುಂಬುವ ಬೋರ್‌ವೆಲ್ ಮೋಟರಿಗೆ ಈ ವಾರ್ನಿಶ್ ಇಲ್ಲ, ಅಲ್ಲಿ ತಂತಿಗೆ ತನ್ನದೇ ಪ್ಲಾಸ್ಟಿಕ್ ಹೊದಿಕೆಯಿದೆ. ಅದರ ಸ್ಟೇಟರನ್ನು ನೀರಲ್ಲಿ ಮುಳುಗಿಸಿಯೇ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಬೇಕು.

500 ವೋಲ್ಟಿನ ಮೆಗ್ಗರಿನಲ್ಲಿ ಹೊಸ ವೈಂಡಿಂಗ್ 5 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಜೋಡಿಸಬೇಡಿ. ಜೋಡಿಸಿದ ಮೇಲೆ ಖಾಲಿ ಓಡಿಸಿ ಮೂರೂ ಫೇಸಿನ ಕರೆಂಟನ್ನು ಕ್ಲ್ಯಾಂಪ್ ಮೀಟರಿನಲ್ಲಿ ಅಳೆದು, ಸ್ಟೇಟರ್ ಯಾಕೆ ಸುಟ್ಟಿತ್ತು ಎಂಬುದರ ಜೊತೆಗೆ ಚೀಟಿಯಲ್ಲಿ ಬರೆದು ರೈತರ ಕೈಗೆ ಕೊಡಿ.