ಕರೆಂಟು ಉಳಿಸುವ ಯಂತ್ರಕ್ಕೆ ದುಡ್ಡು ಎಲ್ಲಿಂದ?

ಕೇಳುಗರಿಗೆಲ್ಲ ನಮಸ್ಕಾರ.

ಮಲ್ಪೆ ಕಡೆಯ ಹಳೆಯ ಐಸ್ ಪ್ಲಾಂಟೊಂದರ ಒಳಗೆ ಹೋಗಿ ನೋಡಿ. ತಂಪು ಹುಟ್ಟಿಸುವ ಅಮೋನಿಯಾ ಕಂಪ್ರೆಸರ್ ತಿರುಗಿಸುವ ಮೋಟಾರು ಮೂರ್ನಾಲ್ಕು ಸಲ ವೈಂಡಿಂಗ್ ಕಂಡಿರುತ್ತದೆ. ಅದರ ಮೇಲಿನ ತಗಡಿನ ಅಕ್ಷರ ಅಳಿಸಿಹೋಗಿರುತ್ತದೆ. ತಣ್ಣನೆಯ ಪೈಪಿಗೆ ಸುತ್ತಿದ್ದ ಹೊದಿಕೆ ಕಿತ್ತುಹೋಗಿ, ಪೈಪಿನ ಮೈಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ನೀರು ತೊಟ್ಟಿಕ್ಕುವ ಕಡೆಯೆಲ್ಲ ಹೊರಗಿನ ಸೆಖೆ ಒಳಗೆ ಸೇರುತ್ತಿದೆ. ಅದನ್ನು ಹೊರಹಾಕಲು ಕಂಪ್ರೆಸರ್ ಮತ್ತಷ್ಟು ಕರೆಂಟು ತಿನ್ನುತ್ತದೆ. ಧಣಿಗಳಿಗೆ ಇದು ಗೊತ್ತಿಲ್ಲ ಎಂದಲ್ಲ. ಕೇಳಿದರೆ, "ಗೊತ್ತುಂಟು ಮಾರಾಯ್ರೆ, ದುಡ್ಡು ಎಲ್ಲಿಂದ ತರುವುದು?" ಎನ್ನುತ್ತಾರೆ.

ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು ಎರಡೂ 1906ರಲ್ಲಿ ಹುಟ್ಟಿದ್ದು ನಮ್ಮ ಈ ಕರಾವಳಿಯಲ್ಲೇ. ಆಮೇಲೆ ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಬಂದವು. ಇಂಥ ಊರಿನಲ್ಲೂ ಯಂತ್ರದ ಸಾಲ ಅಂದಾಗ ಮೊದಲು ಬರುವ ಪ್ರಶ್ನೆ ಬಡ್ಡಿ ಎಷ್ಟು ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಉಳಿತಾಯ ಯಾವಾಗ ಕೈಗೆ ಬರುತ್ತದೆ? ಬಾರದಿದ್ದರೆ ನಷ್ಟ ಯಾರದ್ದು?

ಲೆಕ್ಕಕ್ಕೆಂದು ಒಂದು ಉದಾಹರಣೆ ಹೇಳುತ್ತೇನೆ. ಹೊಸ ಮೋಟಾರು, ಪೈಪಿನ ಹೊದಿಕೆ, ಕಂಡೆನ್ಸರ್ ಎಲ್ಲ ಸೇರಿ 12 ಲಕ್ಷ ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 40,000 ರೂಪಾಯಿ ಬಿಲ್ ಕಡಿಮೆಯಾಗುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಐಸಿಗೆ ಗಿರಾಕಿಯೇ ಕಡಿಮೆ. ಹಾಗಾಗಿ ವರ್ಷದ ಉಳಿತಾಯ ಹತ್ತು ತಿಂಗಳದ್ದು, ನಾಲ್ಕು ಲಕ್ಷ. ಮೂರು ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಒಳ್ಳೆಯ ಲೆಕ್ಕವೇ, ಅಲ್ವಾ?

ಈಗ ಶೇಕಡಾ 10ರ ಬಡ್ಡಿಗೆ ಮೂರು ವರ್ಷದ ಸಾಲ ಮಾಡಿ ನೋಡಿ. ತಿಂಗಳ ಕಂತು ಸುಮಾರು 38,700. ವರ್ಷಕ್ಕೆ ನಾಲ್ಕು ಲಕ್ಷ 65 ಸಾವಿರದ ಹತ್ತಿರ. ಬರುವ ಉಳಿತಾಯಕ್ಕಿಂತ ಕಟ್ಟುವುದೇ ಜಾಸ್ತಿ! ಬ್ಯಾಂಕಿನವರನ್ನು ಹಿಡಿದು ಬಡ್ಡಿಯನ್ನು 9ಕ್ಕೆ ಇಳಿಸಿದಿರಿ ಅನ್ನೋಣ. ತಿಂಗಳಿಗೆ 600 ರೂಪಾಯಿಯೂ ಉಳಿಯುವುದಿಲ್ಲ. ಅದೇ 10ರ ಬಡ್ಡಿಗೇ ಐದು ವರ್ಷದ ಅವಧಿ ಕೇಳಿದರೆ ಕಂತು 25,500ಕ್ಕೆ ಇಳಿಯುತ್ತದೆ. ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ ಕಟ್ಟಿದ ಮೇಲೂ ಕೈಯಲ್ಲಿ ಒಂದಿಷ್ಟು ನಿಲ್ಲುತ್ತದೆ. ಒಟ್ಟು ಬಡ್ಡಿ 1 ಲಕ್ಷ 36 ಸಾವಿರದಷ್ಟು ಹೆಚ್ಚಾಗುತ್ತದೆ, ನಿಜ. ಆದರೂ ಮಳೆಗಾಲದಲ್ಲಿ ಕಂತಿಗಾಗಿ ಕೈಸಾಲ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ ಎಂದು ನನ್ನ ಅಭಿಪ್ರಾಯ. ಜೂನ್, ಜುಲೈ ಬಿಟ್ಟು ಉಳಿದ ಹತ್ತು ತಿಂಗಳಿಗೆ ಕಂತು ಹೊಂದಿಸಿಕೊಡಿ ಎಂದು ಬ್ಯಾಂಕಿನಲ್ಲಿ ಕೇಳಿ. ಕೇಳಲು ನಾಚಿಕೆ ಬೇಡ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಂತ್ರವನ್ನು ಸಿಸಿ ಖಾತೆಯ, ಅಂದರೆ ದಿನದ ವ್ಯವಹಾರಕ್ಕೆಂದು ಬ್ಯಾಂಕು ಕೊಡುವ ಕ್ಯಾಶ್ ಕ್ರೆಡಿಟ್ ಸಾಲದ, ದುಡ್ಡಿನಿಂದ ಕೊಳ್ಳಬೇಡಿ. ಗೇರುಬೀಜದ ಕಾರ್ಖಾನೆಯವರಿಗೆ ಇದು ಹೆಚ್ಚು ಮುಖ್ಯ. ಬೇಸಿಗೆಯಲ್ಲಿ ಬೀಜ ಖರೀದಿಗೆ ಇರುವ ದುಡ್ಡು ಅದು. ಅದನ್ನು ಬಾಯ್ಲರಿಗೆ ಹಾಕಿದರೆ, ಬೀಜ ಬಂದ ಹೊತ್ತಿಗೆ ಕೈ ಖಾಲಿ. ಗಾಳಿಯ ಪೈಪಿನ ಸೋರಿಕೆ ಮುಚ್ಚುವುದು, ದೀಪ ಬದಲಿಸುವಂಥ ಸಣ್ಣ ಕೆಲಸಕ್ಕೆ ಲಾಭದ ದುಡ್ಡೇ ಸಾಕು. ಅದಕ್ಕೆ ಸುಮ್ನೆ ಸಾಲದ ಕಾಗದಪತ್ರ ಯಾಕೆ?

ಇನ್ನೊಂದು ದಾರಿ ಎಸ್ಕೋ, ಅಂದರೆ ಇಂಧನ ಸೇವಾ ಕಂಪೆನಿ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಕಂಪೆನಿಯೇ ದುಡ್ಡು ಹಾಕಿ, ಬಂದ ಉಳಿತಾಯದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಸಾಲ ನಿಮ್ಮದು. ಆದರೆ ಹೇಳಿದಷ್ಟು ಉಳಿಯದಿದ್ದರೆ ಕೊರತೆಯನ್ನು ಅವರು ತುಂಬಿಕೊಡಬೇಕು. ಯಂತ್ರದ ಬಗ್ಗೆ ಅನುಮಾನ ಇರುವವರಿಗೆ ಇದು ಒಳ್ಳೆಯದು. ನಷ್ಟದ ಭಯ ಹೆಚ್ಚಿನದು ಕಂಪೆನಿಯ ಹೆಗಲಿಗೆ ಹೋಗುತ್ತದೆ. ಆದರೆ ಜಗಳ ಹುಟ್ಟುವುದು ಅಳತೆಯಲ್ಲಿ. ಕಳೆದ ವರ್ಷದ ಮೆಸ್ಕಾಂ ಕರೆಂಟು ಬಿಲ್ಲನ್ನು ಈ ವರ್ಷದ ಬಿಲ್ಲಿನ ಪಕ್ಕ ಇಟ್ಟರೆ ಏನೂ ತಿಳಿಯದು. ಮೀನು ಚೆನ್ನಾಗಿ ಬಿದ್ದ ವರ್ಷ ಐಸು ಹೆಚ್ಚು, ಬಿಲ್ಲೂ ಹೆಚ್ಚು. ಒಂದು ಟನ್ ಐಸಿಗೆ ಎಷ್ಟು ಯೂನಿಟ್ ಎಂಬುದೇ ಸರಿಯಾದ ಅಳತೆ. ಕಂಪ್ರೆಸರಿಗೆ ಬೇರೆಯೇ ಮೀಟರ್ ಹಾಕಿಸಿ, ಹಳೆಯ ಯಂತ್ರ ಓಡುತ್ತಿರುವಾಗಲೇ ಈ ಲೆಕ್ಕ ಬರೆದಿಡಿ. ಅಳೆಯುವವರು ಯಾರು, ಒಪ್ಪಂದ ಮುಗಿದ ಮೇಲೆ ಯಂತ್ರ ಯಾರದ್ದು, ಎಲ್ಲವೂ ಕರಾರುಪತ್ರದಲ್ಲಿ ಇರಲಿ. ಸಣ್ಣ ಒಂದೇ ಘಟಕಕ್ಕೆ ಇಂಥ ಕಂಪೆನಿಗಳು ಬರಲು ಹಿಂಜರಿಯುತ್ತವೆ. ನಾಲ್ಕೈದು ಧಣಿಗಳು ಒಟ್ಟಾಗಿ ಕರೆದರೆ ಮಾತು ಬೇರೆ.

ಸರಕಾರದ ನೆರವೂ ಇದೆ. ಇಂಧನ ದಕ್ಷತಾ ಬ್ಯೂರೋದ ಮೂಲಕ 2025ರ ಜುಲೈಯಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಕಿರು ಮತ್ತು ಸಣ್ಣ ಉದ್ಯಮದ ಸಾಲಕ್ಕೆ ಶೇಕಡಾ 5, ಮಧ್ಯಮ ಉದ್ಯಮಕ್ಕೆ ಶೇಕಡಾ 3 ಬಡ್ಡಿ ಸಹಾಯ ಇದೆ. ಮೀನುಗಾರಿಕೆ, ಆಹಾರ ಸಂಸ್ಕರಣೆ ಎರಡೂ ಅದರ ಪಟ್ಟಿಯಲ್ಲಿವೆ. ಯೋಜನೆ ಹಂತ ಹಂತವಾಗಿ ಬರುವುದರಿಂದ ನಿಮ್ಮ ಘಟಕಕ್ಕೆ ಸಿಗುತ್ತದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲೇ ವಿಚಾರಿಸಿ. ಅಡಮಾನಕ್ಕೆ ಆಸ್ತಿ ಇಲ್ಲದವರು, ಅದರ ಬದಲು ಬ್ಯಾಂಕಿಗೆ ಭರವಸೆ ಕೊಡುವ ಸಾಲ ಖಾತರಿ ನಿಧಿಯ ಬಗ್ಗೆ ಬ್ಯಾಂಕಿನಲ್ಲೇ ಕೇಳಬಹುದು.

ಕೆಲಸ ಮಾಡಿಸಲು ಒಳ್ಳೆಯ ಸಮಯ ಬೋಟುಗಳು ದಡದಲ್ಲಿರುವ ಆ ಎರಡು ತಿಂಗಳೇ. ಹಾಗಾದರೆ ಜನವರಿ, ಫೆಬ್ರವರಿಯಲ್ಲಿ ಪ್ಲಾಂಟು ಪೂರ್ತಿ ಓಡುತ್ತಿರುವಾಗ ಇಂಧನ ಆಡಿಟ್, ಅಂದರೆ ಕರೆಂಟು ಎಲ್ಲೆಲ್ಲಿ ಎಷ್ಟು ಹೋಗುತ್ತದೆ ಎಂಬ ತಪಾಸಣೆ, ಮಾಡಿಸಬೇಕು. ಮಾರ್ಚಿನಲ್ಲಿ ಆ ವರದಿ ಹಿಡಿದು ಬ್ಯಾಂಕಿಗೆ ಹೋಗಬೇಕು. ಮೇ ಮುಗಿಯುವುದರೊಳಗೆ ಸಾಲ ಮಂಜೂರಾದರೆ, ಆಗಸ್ಟ್ ಒಂದಕ್ಕೆ ಹೊಸ ಮೋಟಾರಿನಲ್ಲೇ ಐಸು ತಯಾರಾಗುತ್ತದೆ.

ನಮಸ್ಕಾರ.