ಹೊಸ ಕ್ಯಾಮ್‌ಗೆ ಯಾವ ಸ್ಪ್ರಿಂಗ್?

ಕೇಳುಗರಿಗೆ ನಮಸ್ಕಾರ.

ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ರ್‍ಯಾಲಿ ಓಡಿಸುವವರಲ್ಲಿ ಕೆಲವರು ಹೆಚ್ಚು ಲಿಫ್ಟ್ ಇರುವ, ಅಂದರೆ ಇಂಜಿನ್ನಿನ ವಾಲ್ವನ್ನು ಇನ್ನೂ ಹೆಚ್ಚು ತೆರೆಯುವ ಕ್ಯಾಮ್ ಹಾಕಿಸಿ, ವಾಲ್ವ್ ಸ್ಪ್ರಿಂಗ್ ಮಾತ್ರ ಹಳೆಯದನ್ನೇ ಬಿಡುತ್ತಾರೆ. ಇನ್ನು ಕೆಲವರು ‘ಸಿಕ್ಕಿದ್ದರಲ್ಲಿ ಗಟ್ಟಿ ಇರೋದು ಹಾಕಿಬಿಡಿ’ ಅನ್ನುತ್ತಾರೆ. ಎರಡೂ ತಪ್ಪೇ.

ಸ್ಪ್ರಿಂಗ್‌ನ ಕೆಲಸ ವಾಲ್ವ್ ಮುಚ್ಚುವುದಷ್ಟೇ ಅಲ್ಲ. ಕ್ಯಾಮ್‌ನ ಮೂಗು, ಅಂದರೆ ಉಬ್ಬಿನ ತುದಿ ದಾಟುವಾಗ, ಅದರ ಒತ್ತನ್ನು ವಾಲ್ವಿಗೆ ಮುಟ್ಟಿಸುವ ಟ್ಯಾಪೆಟ್ಟು ಅದರ ಮೈ ಬಿಡದಂತೆ ಒತ್ತಿ ಹಿಡಿಯಬೇಕು. ಆರ್‌ಪಿಎಂ ಇಮ್ಮಡಿಯಾದರೆ ಅದಕ್ಕೆ ಬೇಕಾದ ಬಲ ನಾಲ್ಕು ಪಟ್ಟು. ಬಲ ಸಾಲದಿದ್ದರೆ ವಾಲ್ವ್ ತೇಲುತ್ತದೆ, ಮುಚ್ಚುವಾಗ ತಾನು ಕೂರುವ ಸೀಟಿಗೆ ಬಡಿದು ಪುಟಿಯುತ್ತದೆ, ಕೊನೆಗೆ ಪಿಸ್ಟನ್‌ಗೆ ತಾಗುತ್ತದೆ. ಚಾರ್ಮಾಡಿ ಇಳಿಯುವಾಗ ಐದರಿಂದ ನಾಲ್ಕಕ್ಕೆ ಎಳೆಯಲು ಹೋಗಿ ಗೇರು ಎರಡಕ್ಕೆ ಬಿತ್ತೆನ್ನಿ. ಆಗ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸೀತು, ಗಾಲಿಯನ್ನಲ್ಲ.

ಈಗ ಅಳತೆ. ಹೆಡ್‌ನಲ್ಲಿ ಸ್ಪ್ರಿಂಗ್ ಇಲ್ಲದೆ ವಾಲ್ವ್, ಸ್ಪ್ರಿಂಗ್‌ನ ಮೇಲ್ತುದಿ ಹಿಡಿಯುವ ಬಿಲ್ಲೆಯಾದ ರಿಟೇನರ್, ಅದನ್ನು ವಾಲ್ವಿಗೆ ಸಿಕ್ಕಿಸುವ ಲಾಕ್ ಮಾತ್ರ ಕೂರಿಸಿ. ರಿಟೇನರನ್ನು ಮೇಲಕ್ಕೆ ಎಳೆದು ಹಿಡಿದು, ಸ್ಪ್ರಿಂಗ್ ಕೂರುವ ತಳದಿಂದ ರಿಟೇನರ್‌ನ ಅಡಿಮೈವರೆಗೆ ಅಳೆಯಿರಿ. ಇದೇ ಇನ್‌ಸ್ಟಾಲ್ಡ್ ಹೈಟ್. ಸೀಟ್ ಕಟಿಂಗ್ ಆದ ಹೆಡ್‌ನಲ್ಲಿ ಒಂದೊಂದು ವಾಲ್ವಿಗೂ ಇದು ಬೇರೆ ಬರುತ್ತದೆ. ಒಂದನ್ನು ಅಳೆದು ಉಳಿದದ್ದೂ ಹಾಗೇ ಅಂದುಕೊಳ್ಳಬೇಡಿ.

ಒಂದು ಲೆಕ್ಕ ನೋಡೋಣ. ಹೈಟ್ 36 ಮಿ.ಮೀ., ಹಳೆಯ ಕ್ಯಾಮ್‌ನ ವಾಲ್ವ್ ಲಿಫ್ಟ್ 8. ಪೂರ್ತಿ ತೆರೆದಾಗ ಸ್ಪ್ರಿಂಗ್ 28ಕ್ಕೆ ಇಳಿಯುತ್ತದೆ. ಸುರುಳಿಗಳೆಲ್ಲ ಒಂದಕ್ಕೊಂದು ಕೂಡುವುದು 26.5ರಲ್ಲಿ ಎಂದಾದರೆ 1.5 ಉಳಿಯಿತು, ಸರಿ. ಹೊಸ ಕ್ಯಾಮ್ ಲಿಫ್ಟ್ 10 ಆದರೆ 26ಕ್ಕೆ ಇಳಿಯಬೇಕು. ಆದರೆ ಸ್ಪ್ರಿಂಗ್ 26.5ಕ್ಕೇ ಕಬ್ಬಿಣದ ತುಂಡಾಗಿರುತ್ತದೆ! ವಾಲ್ವನ್ನು ಒತ್ತುವ ರಾಕರ್ ಮುರಿಯುತ್ತದೆ, ಇಲ್ಲವೇ ಕ್ಯಾಮ್‌ನ ಉಬ್ಬು, ಅಂದರೆ ಲೋಬ್, ಕಿತ್ತುಹೋಗುತ್ತದೆ.

ಹಾಗಾಗಿ 24ರಲ್ಲಿ ಕೂಡುವ ಸ್ಪ್ರಿಂಗ್ ತಂದಿರಿ, 2 ಮಿ.ಮೀ. ಉಳಿಯಿತು. ವಾಲ್ವ್ ಮುಚ್ಚಿ ಸೀಟಿನ ಮೇಲೆ ಕೂತಾಗ 25 ಕೆ.ಜಿ., ಪ್ರತಿ ಮಿ.ಮೀ.ಗೆ 3 ಕೆ.ಜಿ. ಎಂದರೆ ತೆರೆದಾಗ 55. ಇನ್ನಷ್ಟು ಬಿಗಿ ಬೇಕೆಂದು ಸ್ಪ್ರಿಂಗ್‌ನ ಅಡಿಗೆ 0.76 ಮಿ.ಮೀ. ದಪ್ಪದ ಬಿಲ್ಲೆ, ಅಂದರೆ ಷಿಮ್ ಕೊಟ್ಟರೆ ಸೀಟಿನ ಒತ್ತಡ 27 ದಾಟುತ್ತದೆ, ಆದರೆ ಉಳಿಕೆ 1.24ಕ್ಕೆ ಬೀಳುತ್ತದೆ. ಸಾಮಾನ್ಯವಾಗಿ 1.5ಕ್ಕಿಂತ ಕಡಿಮೆ ಬಿಡಬಾರದು. ಎಷ್ಟು ಕೆ.ಜಿ. ಬೇಕೆಂಬುದನ್ನು ಕ್ಯಾಮ್ ಜೊತೆ ಬರುವ ಕಾರ್ಡಿನಲ್ಲಿ ನೋಡಿ. ಅದಕ್ಕಿಂತ ಗಟ್ಟಿಯಾದದ್ದು ಲೋಬನ್ನೂ ಟ್ಯಾಪೆಟ್ಟನ್ನೂ ಸವೆಸುತ್ತದೆ, ಅಷ್ಟೇ.

ಸ್ಪ್ರಿಂಗ್ ಟೆಸ್ಟರ್ ಇಲ್ಲವೇ? ಕಾಫಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಡ್ರಿಲ್ಲಿಂಗ್ ಮೆಷಿನ್ ಕೆಳಗಿಟ್ಟು, ಸ್ಪ್ರಿಂಗನ್ನು 36ಕ್ಕೆ, ಆಮೇಲೆ 26ಕ್ಕೆ ಒತ್ತಿ ತೂಕ ಓದಿ. ಅಳೆಯುವುದು ವರ್ನಿಯರ್‌ನಲ್ಲಿ. ಕನ್ನಡಕ ಹಾಕಿಕೊಳ್ಳಿ, ಜಾರಿದರೆ ಗುಂಡಿನಂತೆ ಹಾರುತ್ತದೆ.

ರಿಟೇನರ್ ಕೆಳಗಿಳಿದಾಗ ವಾಲ್ವ್ ಜಾರುವ ಕೊಳವೆಯಾದ ಗೈಡ್‌ನ ಆಯಿಲ್ ಸೀಲಿಗೆ ತಾಗಬಾರದು, ಅಲ್ಲೂ 1.5 ಇರಲಿ. ಪಿಸ್ಟನ್ ಮೇಲೆ ಮಕ್ಕಳಾಡುವ ಮೇಣದ ಜೇಡಿಯಿಟ್ಟು, ಇಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಜೇಡಿ ಅತಿ ತೆಳುವಾದ ಕಡೆ ಇನ್‌ಲೆಟ್‌ಗೆ 2, ಎಕ್ಸಾಸ್ಟ್‌ಗೆ 2.5 ಮಿ.ಮೀ. ಸಿಗಬೇಕು.

ಮಲೆನಾಡಿನ ಮಳೆಗಾಲದಲ್ಲಿ ಸ್ಪ್ರಿಂಗ್‌ಗೆ ಎಣ್ಣೆ ಸವರದೆ ಇಟ್ಟರೆ ತುಕ್ಕಿನ ಚುಕ್ಕೆ ಬೀಳುತ್ತದೆ. ಮುರಿತ ಶುರುವಾಗುವುದೇ ಆ ಚುಕ್ಕೆಯಿಂದ. ಇಕ್ಕಳದಲ್ಲಿ ಕಚ್ಚಿ ಹಿಡಿದ ಗೀರೂ ಅಷ್ಟೇ.

ಜೋಡಿ ಸ್ಪ್ರಿಂಗ್ ಇದ್ದು, ಟ್ಯಾಪೆಟ್ಟು ಲೋಬ್ ಮೇಲೆ ಉಜ್ಜಿಕೊಂಡು ಓಡುವ ಇಂಜಿನ್ ಆದರೆ, ಮೊದಲ ಸಲ ಓಡಿಸುವಾಗ ಒಳಗಿನ ಸ್ಪ್ರಿಂಗ್ ತೆಗೆದಿಡಿ. ಲೋಬ್‌ಗಳಿಗೆ ಮಾಲಿಬ್ಡಿನಂ ಪೇಸ್ಟ್ ಹಚ್ಚಿ, ಐಡ್ಲಿಂಗ್‌ನಲ್ಲಿ ಬಿಡದೆ 2,000ದಿಂದ 2,500 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಿ. ಇಂಜಿನ್ ತಣಿದ ಮೇಲೆ ಒಳಗಿನ ಸ್ಪ್ರಿಂಗ್ ಕೂರಿಸಿ, ಆಯಿಲ್ ಬದಲಿಸಿ.